ಬೆಳಗಿನ ಐದೂವರೆಯ ಬಲೂನು

ಅಡಿಕೆಗೆ ಮದ್ದು ಹೊಡೆಯೋ ಟೈಮಲ್ಲಿ ಮಲೆನಾಡಿನ ಯಾವ ವಾಟ್ಸಾಪ್ ಗ್ರೂಪ್ ತೆಗೆದ್ರೂ ಒಂದೇ ಚರ್ಚೆ, ಮಳೆ ಯಾವಾಗ ಹೊಳವಾಗತ್ತೆ ಅಂತ. ಒಬ್ರು ಹವಾಮಾನ ತೋರಿಸೋ ವಿಂಡಿ ಆಪಿನ ಸ್ಕ್ರೀನ್‌ಶಾಟ್ ಹಾಕ್ತಾರೆ, ಇನ್ನೊಬ್ರು ಕಂಪ್ಯೂಟರ್ ಲೆಕ್ಕದಿಂದ ಮಳೆ ಹೇಳೋ ಯುರೋಪಿಯನ್ ಮಾಡೆಲ್ ನಂಬಿ ಅಮೆರಿಕದ್ದು ಬೇಡ ಅಂತಾರೆ, ಮತ್ಯಾರೋ ಐಎಂಡಿಯ, ಅಂದ್ರೆ ಭಾರತದ ಹವಾಮಾನ ಇಲಾಖೆಯ, ಆರೆಂಜ್ ಅಲರ್ಟ್ ಫಾರ್ವರ್ಡ್ ಮಾಡಿ ಸುಮ್ನಾಗ್ತಾರೆ. ಆದ್ರೆ ತೀರ್ಥಹಳ್ಳಿಯ ತೋಟದ ಮೇಲೆ ಗುರುವಾರ ಮಳೆ ಸುರಿಯತ್ತಾ ಇಲ್ವಾ ಅನ್ನೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೂತು ಆ ಯುರೋಪಿಯನ್ ಮಾಡೆಲ್ ಓಡಿಸೋರಿಗೆ ಹೆಂಗ್ರೀ ಗೊತ್ತಾಯ್ತು ಅಂತ ಯಾರೂ ಕೇಳಲ್ಲ. ಅವರ ಹತ್ರ ದೊಡ್ಡ ಸೂಪರ್‌ಕಂಪ್ಯೂಟರ್ ಇದೆ, ಸರಿ. ಆದ್ರೆ ಅದಕ್ಕೆ ಹಾಕೋಕೆ ಅಂಕಿಅಂಶ ಬೇಕಲ್ಲ, ಅದು ಹೋಗೋದು ನಮ್ಮಿಂದಾನೇ. ನಮ್ಮಿಂದ ಅಂದ್ರೆ ನಮ್ಮಂಥ ನೂರಾರು ಕಡೆಯಿಂದ.

ಮಂಗಳೂರಿನ ಪಣಂಬೂರಲ್ಲಿ, ಬೆಂಗಳೂರಲ್ಲಿ ಹವಾಮಾನ ಇಲಾಖೆಯವರು ಬಲೂನು ಹಾರಿಸ್ತಾರೆ. ಬಿಡುವಾಗ ಆಳೆತ್ತರ ಇರೋ ಬಲೂನು, ಅದಕ್ಕೆ ಉದ್ದ ದಾರ, ದಾರದ ತುದಿಗೆ ಅಂಗೈಯಲ್ಲಿ ಹಿಡಿಯೋವಷ್ಟು ಚಿಕ್ಕ ಡಬ್ಬಿ, ಅದಕ್ಕೆ ರೇಡಿಯೋಸಾಂಡ್ ಅಂತ ಹೆಸರು. ಸೆಕೆಂಡಿಗೆ ಸುಮಾರು ಐದು ಮೀಟರ್ ಮೇಲೇರ್ತಾ ಶಾಖ, ತೇವಾಂಶ, ಒತ್ತಡ ಎಲ್ಲಾನೂ ರೇಡಿಯೋದಲ್ಲಿ ಕೆಳಗೆ ಕಳಿಸ್ತಾ ಹೋಗತ್ತೆ, ಗಾಳಿ ಯಾವ ಕಡೆ ತಳ್ತಿದೆ ಅನ್ನೋದು ಜಿಪಿಎಸ್‌ನಿಂದ ಗೊತ್ತಾಗತ್ತೆ. ಮೇಲೆ ಹೋದಹಾಗೆ ಹೊರಗಿನ ಒತ್ತಡ ಕಮ್ಮಿಯಾಗಿ ಬಲೂನು ಮನೆಯ ಹಾಲ್‌ನಷ್ಟು ಉಬ್ಬಿ ಮೂವತ್ತು ಕಿಲೋಮೀಟರ್ ಆಸುಪಾಸಲ್ಲಿ ಢಬ್ ಅಂತ ಒಡೆಯತ್ತೆ, ಡಬ್ಬಿ ಎಲ್ಲೋ ಕಾಡಲ್ಲೋ ಸಮುದ್ರದಲ್ಲೋ ಬೀಳತ್ತೆ. ಮುಗೀತು, ಮುಂದಿನ ಸಲಕ್ಕೆ ಹೊಸ ಬಲೂನು, ಹೊಸ ಡಬ್ಬಿ.

ಇದರಲ್ಲಿ ನಂಗೆ ಮಜಾ ಅನ್ಸೋದು ಟೈಮಿಂದು. ಪ್ರಪಂಚದಲ್ಲಿ ಇಂಥ ಕೇಂದ್ರಗಳು ಸುಮಾರು ಒಂಬೈನೂರು ಇವೆ. ಅವೆಲ್ಲ ಲೆಕ್ಕ ಇಡೋದು ಗ್ರೀನಿಚ್‌ನ ಮಧ್ಯರಾತ್ರಿ ಮತ್ತೆ ಮಧ್ಯಾಹ್ನ ಹನ್ನೆರಡಕ್ಕೆ, ನಮ್ಮ ಗಡಿಯಾರದಲ್ಲಿ ಬೆಳಗಿನ ಐದೂವರೆ, ಸಂಜೆ ಐದೂವರೆ. ಮೇಲೇರೋಕೆ ಹೊತ್ತು ಬೇಕಲ್ಲ, ಅದಕ್ಕೆ ಬಿಡೋದು ಸ್ವಲ್ಪ ಮುಂಚೆನೇ. ರಷ್ಯಾದವರು, ಅಮೆರಿಕದವರು, ಚೀನಾದವರು, ಬ್ರೆಜಿಲ್‌ನವರು, ಎಲ್ರೂ ಹಾಗೇ. ಯಾರಿಗೆ ಹಗಲೋ ಯಾರಿಗೆ ನಡುರಾತ್ರಿಯೋ ಅದು ಬೇರೆ ಮಾತು. ಭೂಮಿ ಸುತ್ತ ಇರೋ ಗಾಳಿಯ ಒಂದೇ ಗಳಿಗೆಯ ಫೋಟೋ ಸಿಗಬೇಕು ಅಂದ್ರೆ ಎಲ್ರೂ ಒಟ್ಟಿಗೆ ಕ್ಲಿಕ್ ಮಾಡಲೇಬೇಕು. ನಾಳೆಯ ಮಳೆಗೆ ಅಕ್ಕಪಕ್ಕದ ಲೆಕ್ಕ ಸಾಕಾಗಬಹುದು, ಎಂಟು ದಿನದ ಮುಂದಿನದಕ್ಕೆ ಹಿಂದೂ ಮಹಾಸಾಗರದ ಆ ತುದಿ, ಟಿಬೆಟ್ ಮೇಲಿನ ಗಾಳಿ, ಪೆಸಿಫಿಕ್ ಸಮುದ್ರದ ಬಿಸಿ ಎಲ್ಲಾ ಬೇಕು. ಯಾವ ದೇಶ ಎಷ್ಟೇ ಶ್ರೀಮಂತ ಆಗಿರಲಿ, ಒಬ್ಬರೇ ಕೂತು ಮಾಡೋ ಕೆಲಸ ಅಲ್ಲ ಇದು.

ಈ ಟೈಮ್ ಟೇಬಲ್ ನೋಡ್ಕೊಳ್ಳೋದು ಜಿನೀವಾದಲ್ಲಿರೋ ವಿಶ್ವ ಹವಾಮಾನ ಸಂಸ್ಥೆ, ಡಬ್ಲ್ಯೂಎಂಒ. ವಿಶ್ವಸಂಸ್ಥೆ ಬಳಗದ್ದು, 193 ಸದಸ್ಯರು. ಅಂತಾರಾಷ್ಟ್ರೀಯ ಸಂಸ್ಥೆ ಅಂದ ತಕ್ಷಣ ನಮಗೆ ಕಣ್ಮುಂದೆ ಬರೋದು ಭದ್ರತಾ ಮಂಡಳಿಯ ವೀಟೋ, ಭಾಷಣ, ಖಂಡನಾ ನಿರ್ಣಯ, ಅದರಿಂದ ಏನೂ ಆಗಲ್ಲ ಅನ್ನೋ ಬೇಜಾರು. ಆ ಬೇಜಾರು ಸುಳ್ಳೇನಲ್ಲ. ಆದ್ರೆ ದೇಶದೇಶಗಳ ಸಹಕಾರ ನಿಜವಾಗ್ಲೂ ನಡೆಯೋ ಜಾಗ ನೋಡಿದ್ರೆ ಅದು ಭಾರೀ ಬೋರಿಂಗು, ಗಾಳಿ ಅಳೆಯೋ ಕಂಬ ನೆಲದಿಂದ ಹತ್ತು ಮೀಟರ್ ಎತ್ತರ ಇರಬೇಕು, ಥರ್ಮಾಮೀಟರು ನೆರಳಲ್ಲಿ ಇಷ್ಟೇ ಎತ್ತರದಲ್ಲಿ ಇರಬೇಕು ಅನ್ನೋ ಥರದ್ದು. ಯಾರೂ ಅದನ್ನ ಟೀವಿಲಿ ತೋರಿಸಲ್ಲ.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಬೆಂಗಳೂರು ಕೇಂದ್ರದ ನಂಬರು 43295, ಪಣಂಬೂರು 43285. ದಕ್ಷಿಣ ಭಾರತ 43, ಉತ್ತರ ಭಾರತ 42, ಕರಾಚಿದೂ ಢಾಕಾದೂ 41ರಲ್ಲಿ ಶುರುವಾಗತ್ತೆ. ಕೇಂದ್ರ ಕಳಿಸೋ ಸಂದೇಶದಲ್ಲಿ ಆ ನಂಬರು ಆದ್ಮೇಲೆ ಐದೈದು ಅಂಕಿಗಳ ಗುಂಪುಗಳು ಬರ್ತಾವೆ. 10285 ಅಂತ ಇದ್ರೆ ಮೊದಲ 1 ಅಂದ್ರೆ ಇದು ತಾಪಮಾನ, ಮುಂದಿನ 0 ಅಂದ್ರೆ ಸೊನ್ನೆಗಿಂತ ಮೇಲೆ, ಆಮೇಲಿನ 285 ಅಂದ್ರೆ 28.5 ಡಿಗ್ರಿ. ಸೈಬೀರಿಯಾದೋರು ಆ ಸೊನ್ನೆ ಜಾಗದಲ್ಲಿ 1 ಹಾಕಿದ್ರೆ ಮೈನಸ್ ಅಂತ. ಕನ್ನಡ ಬರಬೇಕಿಲ್ಲ, ಇಂಗ್ಲಿಷ್ ಬರಬೇಕಿಲ್ಲ, ರಷ್ಯನ್ನೂ ಬೇಡ, ಮಾಸ್ಕೋದಲ್ಲಿ ಕೂತೋನು ಬೆಂಗಳೂರಿನ ಸೆಖೆ ಓದ್ಕೋತಾನೆ. ಈಗ ಕಂಪ್ಯೂಟರ್ರೇ ಓದೋ ಬೇರೆ ಫಾರ್ಮ್ಯಾಟ್‌ಗೆ ಎಲ್ಲಾ ಹೋಗ್ತಿದೆ, ಆದ್ರೆ ದಶಕಗಟ್ಟಲೆ ಪ್ರಪಂಚದ ಹವಾಮಾನ ಓಡಿದ್ದು ಈ ಐದು ಅಂಕಿಗಳ ಮೇಲೇ.

ಇದು ಯಾರದ್ದೋ ದೊಡ್ಡ ಮನಸ್ಸಿಂದ ಹುಟ್ಟಿದ್ದಲ್ಲ, ಮುಳುಗಿದ ಹಡಗುಗಳಿಂದ. 1853ರಲ್ಲಿ ಅಮೆರಿಕದ ನೌಕಾಪಡೆಯ ಮ್ಯಾಥ್ಯೂ ಮೌರಿ ಒತ್ತಾಯಕ್ಕೆ ಹತ್ತು ದೇಶದೋರು ಬ್ರಸೆಲ್ಸ್‌ನಲ್ಲಿ ಸೇರಿ, ಹಡಗಿನ ದಿನಚರಿ ಪುಸ್ತಕದಲ್ಲಿ ಗಾಳಿ ಮಳೆ ಲೆಕ್ಕ ಎಲ್ರೂ ಒಂದೇ ರೀತಿ ಬರೀಬೇಕು ಅಂತ ಒಪ್ಪಿದ್ರು. ಮರುವರ್ಷ ನವೆಂಬರ್ 14ಕ್ಕೆ, ಕ್ರಿಮಿಯಾ ಯುದ್ಧದ ನಡುವೆ, ಕಪ್ಪು ಸಮುದ್ರದಲ್ಲಿ ಬಿರುಗಾಳಿ ಎದ್ದು ಬ್ರಿಟಿಷ್ ಫ್ರೆಂಚ್ ಹಡಗುಗಳನ್ನ ಸಾಲಾಗಿ ಮುಳುಗಿಸ್ತು. ಫ್ರಾನ್ಸಿನ ಖಗೋಳ ವಿಜ್ಞಾನಿ ಲೆವೆರಿಯೆ, ನೆಪ್ಚೂನ್ ಎಲ್ಲಿರಬೇಕು ಅಂತ ಬರೀ ಲೆಕ್ಕದಲ್ಲಿ ಹೇಳಿದೋನು, ಯುರೋಪಿನ ಊರೂರಿಗೆ ಪತ್ರ ಬರೆದು ಆ ದಿನಗಳ ಲೆಕ್ಕ ತರಿಸಿ ನೋಡಿದ್ರೆ ಬಿರುಗಾಳಿ ಯುರೋಪ್ ದಾಟ್ಕೊಂಡೇ ಅಲ್ಲಿಗೆ ಹೋಗಿತ್ತು! ಟೆಲಿಗ್ರಾಫ್ ಆಗ್ಲೇ ಇತ್ತು, ಯಾರಾದ್ರೂ ಮುಂಚೆ ತಂತಿ ಹೊಡೆದಿದ್ರೆ ಸಾಕಿತ್ತು. 1873ಕ್ಕೆ ವಿಯೆನ್ನಾದಲ್ಲಿ ಮೊದಲ ಅಂತಾರಾಷ್ಟ್ರೀಯ ಹವಾಮಾನ ಸಮ್ಮೇಳನ. ಅಲ್ಲಿ ಹುಟ್ಟಿದ್ದು ಸರ್ಕಾರಗಳ ಸಂಸ್ಥೆ ಅಲ್ಲ, ಬೇರೆಬೇರೆ ದೇಶದ ಹವಾಮಾನ ಇಲಾಖೆ ಮುಖ್ಯಸ್ಥರ ಕೂಟ. ಅದೇ ಮುಂದೆ ಸರ್ಕಾರಿ ಒಪ್ಪಂದವಾಗಿ 1950 ಮಾರ್ಚ್ 23ಕ್ಕೆ ಡಬ್ಲ್ಯೂಎಂಒ ಆಯ್ತು.

ನಮ್ಮ ಕಡೆದೂ ಒಂದು ಪಾಲು ಇದೆ ಇದರಲ್ಲಿ. ಐಎಂಡಿ ಶುರುವಾದದ್ದು 1875ರಲ್ಲಿ, ಬೆನ್ನಿಗೇ ಮೈಸೂರು ಸೀಮೆಯನ್ನ ಬರಿದು ಮಾಡಿದ ಧಾತು ಬರ. ಮುಂಗಾರು ಯಾವಾಗ ಕೈಕೊಡತ್ತೆ ಅಂತ ಮುಂಚೆನೇ ಹೇಳಕ್ಕಾಗತ್ತಾ ಅನ್ನೋ ಪ್ರಶ್ನೆ ಇಲಾಖೆಯ ಹೆಗಲೇರಿದ್ದು ಆ ಬರದಿಂದ. 1904ರಲ್ಲಿ ಇಲಾಖೆ ಮುಖ್ಯಸ್ಥ ಆಗಿ ಬಂದ ಗಿಲ್ಬರ್ಟ್ ವಾಕರ್ ಹವಾಮಾನ ಓದಿದೋನೇ ಅಲ್ಲ, ಗಣಿತದೋನು. ಪ್ರಪಂಚದ ಎಲ್ಲೆಲ್ಲಿಂದಲೋ ಬಂದ ಒತ್ತಡ, ಮಳೆ ಪಟ್ಟಿಗಳನ್ನ ಭಾರತದ ಗುಮಾಸ್ತರಿಂದ ವರ್ಷಗಟ್ಟಲೆ ಗುಣಿಸಿ ಭಾಗಿಸಿ ತಾಳೆ ಹಾಕಿಸ್ದ. ಪೆಸಿಫಿಕ್ ಕಡೆ ಒತ್ತಡ ಏರಿದ್ರೆ ಹಿಂದೂ ಮಹಾಸಾಗರದ ಕಡೆ ಇಳಿಯತ್ತೆ, ಇಲ್ಲಿ ಏರಿದ್ರೆ ಅಲ್ಲಿ ಇಳಿಯತ್ತೆ ಅನ್ನೋ ತೂಗಾಟ ಸಿಕ್ಕಿದ್ದು ಹಾಗೆ. ಇವತ್ತು ನಾವು ಪೆಸಿಫಿಕ್ ನೀರು ಬಿಸಿಯಾಗೋ ಎಲ್ ನಿನೋ ವರ್ಷ, ಮಳೆ ಕಮ್ಮಿ ಆಗಬಹುದು ಅಂತ ಪೇಪರಲ್ಲಿ ಓದ್ತೀವಲ್ಲ, ಅದರ ಅರ್ಧ ಕಥೆ ಅಲ್ಲಿಂದ ಬಂದಿದ್ದು. ಬರೀ ಭಾರತದ ಲೆಕ್ಕ ಇಟ್ಕೊಂಡು ಕೂತಿದ್ರೆ ಇದು ಜನ್ಮದಲ್ಲಿ ಸಿಗ್ತಿರಲಿಲ್ಲ.

ಶೀತಲ ಸಮರದ ಭಾಗ ಇನ್ನೂ ವಿಚಿತ್ರ. 1961ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ವಿಶ್ವಸಂಸ್ಥೆಯಲ್ಲಿ ಎಲ್ರೂ ಸೇರಿ ಹವಾಮಾನ ಮುನ್ಸೂಚನೆ ಮಾಡೋಣ ಅಂದ್ರು, ಬರ್ಲಿನ್ ಗೋಡೆ ಎದ್ದು ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ಮರುವರ್ಷ ಹವಾಮಾನ ವಿಜ್ಞಾನಿಗಳಾದ ಅಮೆರಿಕದ ಹ್ಯಾರಿ ವೆಕ್ಸ್ಲರ್, ಸೋವಿಯತ್‌ನ ವಿಕ್ಟರ್ ಬುಗಾಯೆವ್ ಇಬ್ರೂ ಒಟ್ಟಿಗೆ ಕೂತು ಯೋಜನೆ ಬರೆದ್ರು. ಅದೇ 1962ರ ಅಕ್ಟೋಬರಲ್ಲಿ ಕ್ಯೂಬಾದ ಕ್ಷಿಪಣಿ ಗಲಾಟೆ, ಪ್ರಪಂಚ ಇವತ್ತೋ ನಾಳೆಯೋ ಅನ್ನೋ ಪರಿಸ್ಥಿತಿ. 1963ರಲ್ಲಿ ಹವಾಮಾನದ ಲೆಕ್ಕ ಹಂಚ್ಕೊಳ್ಳೋ ವರ್ಲ್ಡ್ ವೆದರ್ ವಾಚ್ ಶುರುವಾಗೇಬಿಡ್ತು, ವಾಷಿಂಗ್ಟನ್ನು, ಮಾಸ್ಕೋ, ಮೆಲ್ಬರ್ನ್ ಮೂರು ವಿಶ್ವ ಕೇಂದ್ರಗಳು. ಅಣುಬಾಂಬ್ ತೋರಿಸ್ಕೊಂಡು ನಿಂತಿದ್ದ ಇಬ್ರೂ ಮೋಡದ ಚಿತ್ರ ಮಾತ್ರ ಹಂಚ್ಕೋತಿದ್ರು. ಅವರೇನು ಸ್ನೇಹಿತರಾಗಿದ್ರು ಅಂತಲ್ಲ. ಅವರ ಕಡೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸತ್ತೆ, ಪಕ್ಕದೋರ ಲೆಕ್ಕ ಸಿಗದಿದ್ರೆ ತಮ್ಮದೇ ಮುನ್ಸೂಚನೆ ಕೆಡತ್ತೆ, ಅಷ್ಟೇ.

ನಮ್ಮ ಕಡೆ ಇದು ಕಣ್ಣಿಗೆ ಕಾಣೋದು ಚಂಡಮಾರುತ ಬಂದಾಗ. 1970ರ ನವೆಂಬರಲ್ಲಿ ಭೋಲಾ ಚಂಡಮಾರುತ, ಈಗಿನ ಬಾಂಗ್ಲಾದೇಶದಲ್ಲಿ ಕಮ್ಮಿ ಅಂದ್ರೂ ಮೂರು ಲಕ್ಷ ಜನ ಸತ್ರು. ಅದಾದ್ಮೇಲೆ ಡಬ್ಲ್ಯೂಎಂಒ ಮತ್ತೆ ವಿಶ್ವಸಂಸ್ಥೆಯ ಏಷ್ಯಾ ಆಯೋಗ ಸೇರಿ ಬಂಗಾಳ ಕೊಲ್ಲಿ, ಅರಬ್ಬೀ ಸಮುದ್ರದ ದೇಶಗಳಿಗೆ ಒಂದು ಸಮಿತಿ ಮಾಡಿದ್ವು. ಈಗ ಅದರಲ್ಲಿ 13 ದೇಶ, ಭಾರತ, ಪಾಕಿಸ್ತಾನ, ಬಾಂಗ್ಲಾ, ಇರಾನ್, ಸೌದಿ, ಯೆಮನ್ ಎಲ್ಲಾ ಒಂದೇ ಟೇಬಲ್ಲು. ಚಂಡಮಾರುತದ ಹೆಸರುಗಳು ಬರೋದು ಇಲ್ಲಿಂದಾನೇ, 2020ರ ಪಟ್ಟಿಲಿ ಒಂದೊಂದು ದೇಶದಿಂದ ಹದಿಮೂರು, ಒಟ್ಟು 169. ನಮ್ಮ ಉಡುಪಿ ಮಂಗಳೂರಿನ ಕಡಲತೀರ ಕೊರೆದ 2021ರ ತೌಕ್ತೆ ಮ್ಯಾನ್ಮಾರ್ ಕೊಟ್ಟ ಹೆಸರು, ಗುಲಾಬ್ ಪಾಕಿಸ್ತಾನದ್ದು.

ಈ ಪೂರ್ತಿ ಸಮುದ್ರಕ್ಕೆ ಚಂಡಮಾರುತದ ಸಲಹೆ ಕೊಡೋ ಪ್ರಾದೇಶಿಕ ಕೇಂದ್ರ ಇರೋದು ದೆಹಲಿಯ ಐಎಂಡಿಯಲ್ಲಿ. ಅಂದ್ರೆ 2023ರ ಜೂನಲ್ಲಿ ಬಿಪರ್‌ಜಾಯ್ ಕಛ್ ಕಡೆ ತಿರುಗಿದಾಗ ದೆಹಲಿಯ ಬುಲೆಟಿನ್ನು ಗುಜರಾತಿಗೂ ಹೋಗ್ತಿತ್ತು, ಪಾಕಿಸ್ತಾನಕ್ಕೂ ಹೋಗ್ತಿತ್ತು. ಎರಡೂ ದೇಶದ ನಡುವೆ 2019ರಿಂದ ಹೈಕಮಿಷನರ್‌ಗಳೇ ಇಲ್ಲ, ವ್ಯಾಪಾರ ಹೆಚ್ಚೂಕಮ್ಮಿ ನಿಂತೇಹೋಗಿದೆ, ಕ್ರಿಕೆಟ್ ಸರಣಿ ಅಂತೂ ಬಿಡಿ. ಗುಜರಾತಲ್ಲಿ ಲಕ್ಷ ಜನರನ್ನ ಎತ್ತಂಗಡಿ ಮಾಡಿದ್ರು, ಆಕಡೆ ಸಿಂಧ್‌ನಲ್ಲೂ ಹತ್ತಾರು ಸಾವಿರ ಜನರನ್ನ. ಪಾಕಿಸ್ತಾನದೋರು ತಮ್ಮ ಎಚ್ಚರಿಕೆ ತಾವೇ ಹೊರಡಿಸ್ತಾರೆ ಅನ್ನೋದು ಹೌದು, ಆದ್ರೂ ದೆಹಲಿಯ ಲೆಕ್ಕ ಅವರ ಟೇಬಲ್ ಮೇಲೆ ಇರತ್ತೆ.

ಆದ್ರೆ ಇದಕ್ಕೆ ಹಾರ ಹಾಕೋಕೆ ಮುಂಚೆ 2008ರ ಮೇ ತಿಂಗಳ ನರ್ಗಿಸ್ ನೆನಪಿರಲಿ. ಅಪ್ಪಳಿಸೋ 48 ಗಂಟೆ ಮುಂಚೆನೇ ಮ್ಯಾನ್ಮಾರ್‌ಗೆ ಹೇಳಿದ್ವಿ ಅಂತ ಐಎಂಡಿ ಹೇಳ್ತು. ಐರಾವದಿ ಮುಖಜಭೂಮಿಯಲ್ಲಿ ಒಂದು ಲಕ್ಷದ ಮೂವತ್ತೆಂಟು ಸಾವಿರದಷ್ಟು ಜನ ಸತ್ತರು ಅಥವಾ ಕಾಣೆಯಾದರು. ಜನರನ್ನ ಎಬ್ಬಿಸಿ ಕಳಿಸೋದು ಆ ದೇಶದ ಸರ್ಕಾರದ ಕೈಲಿ, ಆಗ ಅಲ್ಲಿದ್ದದ್ದು ಮಿಲಿಟರಿ. ಆಮೇಲೆ ಹೊರಗಿಂದ ಬಂದ ನೆರವನ್ನೂ ವಾರಗಟ್ಟಲೆ ತಡೆದ್ರು. ಜಿನೀವಾದ ಯಾವ ಸಂಸ್ಥೆಗೂ ಅದನ್ನ ಪ್ರಶ್ನೆ ಮಾಡೋ ಅಧಿಕಾರ ಇಲ್ಲ. ಡಬ್ಲ್ಯೂಎಂಒ ಯಾರಿಗೂ ದಂಡ ಹಾಕಲ್ಲ, ಯಾರನ್ನೂ ಬಗ್ಗಿಸಕ್ಕೂ ಆಗಲ್ಲ.

ದುಡ್ಡಿನ ತಕರಾರೂ ಇದೆ. ತೊಂಬತ್ತರ ದಶಕದಲ್ಲಿ ಯುರೋಪಿನ ಕೆಲವು ಹವಾಮಾನ ಇಲಾಖೆಗಳು ಡೇಟಾನೇ ಮಾರೋಕೆ ಹೊರಟ್ವು, ಅಮೆರಿಕ ಪುಕ್ಕಟೆ ಕೊಡೋಣ ಅಂತಿತ್ತು, ಜಗಳ ಆಗಿ 1995ರಲ್ಲಿ ಡಬ್ಲ್ಯೂಎಂಒದಲ್ಲಿ ನಿರ್ಣಯ 40 ಅಂತ ಒಂದು ರಾಜಿ ಆಯ್ತು: ಅತ್ಯಗತ್ಯ ಡೇಟಾ ಎಲ್ರಿಗೂ ಫ್ರೀ, ಮಿಕ್ಕಿದ್ದಕ್ಕೆ ಷರತ್ತು ಹಾಕ್ಬಹುದು. 2021ರಲ್ಲಿ ಆ ಷರತ್ತುಗಳನ್ನ ಇನ್ನಷ್ಟು ಸಡಿಲ ಮಾಡಿದ್ರು.

ಸಡಿಲ ಮಾಡಿದ್ರೂ, ಅಳೆಯೋದೇ ನಿಂತ್ರೆ ಹಂಚೋಕೆ ಏನಿರತ್ತೆ. ವಿಮಾನಗಳೂ ಹಾರುವಾಗ ಗಾಳಿ ಶಾಖ ಅಳೆದು ಕಳಿಸ್ತಾವೆ, 2020ರ ಲಾಕ್‌ಡೌನಲ್ಲಿ ಆ ಮಾಹಿತಿ ಮುಕ್ಕಾಲಕ್ಕಿಂತ ಜಾಸ್ತಿ ಬಿದ್ದೋಯ್ತು. ಸ್ಯಾಟಲೈಟ್ ಇವೆ ಅನ್ನಬಹುದು, ಇವೆ, ಮಾಡೆಲ್‌ಗಳಿಗೆ ಬಹುಪಾಲು ಡೇಟಾ ಈಗ ಅಲ್ಲಿಂದಾನೇ, ಆದ್ರೆ ಗಾಳಿಯೊಳಗೇ ಹೋಗಿ ಅಳೆಯೋ ಬಲೂನಿನ ಲೆಕ್ಕದ ಬೆಲೆ ಬೇರೆ. ಈ ಲೆಕ್ಕ ಸಿಗದ ದೊಡ್ಡ ಖಾಲಿ ಜಾಗಗಳಲ್ಲಿ ಒಂದು ಆಫ್ರಿಕಾ. ನಮ್ಮ ಮುಂಗಾರಿನ ತೇವ ಹೊತ್ತು ತರೋ ಗಾಳಿ ಸಮಭಾಜಕ ದಾಟಿ ಕೀನ್ಯಾ, ಸೊಮಾಲಿಯಾ ಕರಾವಳಿ ಸವರ್ಕೊಂಡು ಅರಬ್ಬೀ ಸಮುದ್ರಕ್ಕೆ ಬರತ್ತೆ, ಆ ಸೊಮಾಲಿಯಾದಲ್ಲಿ 1991ರಿಂದ ಅಂತರ್ಯುದ್ಧದಲ್ಲಿ ಹವಾಮಾನ ಕೇಂದ್ರಗಳ ಜಾಲವೇ ಕುಸೀತು. ಬಡ ದೇಶಗಳಿಗೆ ದಾನಿಗಳು ಯಂತ್ರ ಕೊಟ್ಟು ಫೋಟೋ ತೆಗೆಸ್ಕೊಂಡು ಹೋಗ್ತಾರೆ, ಆಮೇಲೆ ದಿನಾ ಬಲೂನು, ಗ್ಯಾಸು, ಡಬ್ಬಿ ಯಾರು ತರಬೇಕು? ಅದಕ್ಕೇ 2021ರಲ್ಲಿ ಡಬ್ಲ್ಯೂಎಂಒ ವಿಶ್ವಸಂಸ್ಥೆಯ ಇನ್ನೆರಡು ಸಂಸ್ಥೆಗಳ ಜತೆ ಸೇರಿ ಒಂದು ನಿಧಿ ಮಾಡಿದೆ, ಯಂತ್ರಕ್ಕಷ್ಟೇ ಅಲ್ಲ, ಲೆಕ್ಕ ನಿಜವಾಗ್ಲೂ ಬರ್ತಾ ಇದೆಯಾ ಅಂತ ನೋಡಿ ನಡೆಸೋ ಖರ್ಚಿಗೂ ದುಡ್ಡು ಕೊಡೋದು. ಭಾರತ ಇಂಥದ್ದಕ್ಕೆ ಕೈಬಿಚ್ಚಿ ಹಾಕಿದ್ರೆ ಅದನ್ನ ದಾನ ಅಂತ ನಾನಂತೂ ಲೆಕ್ಕಕ್ಕೆ ಬರೆಯಲ್ಲ. ಸೊಮಾಲಿಯಾದ ರಾಜಧಾನಿ ಮೊಗದಿಶುವಲ್ಲಿ ದಿನಾ ಒಂದು ಬಲೂನು ಹಾರಿದ್ರೆ ಅದರ ಮೊದಲ ಗಿರಾಕಿ ದೆಹಲಿಯ ಮುಂಗಾರು ಮಾಡೆಲ್ಲು.