ಒಂದೇ ವಿಮಾನ, ಬೇರೆ ಬೇರೆ ಹಕ್ಕು: ಬ್ರಿಟನ್ನಿನ ವಿಮಾನ ಸಂಸ್ಥೆಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಬ್ರಿಟನ್ನಿನಿಂದ ಸ್ಪೇನಿನ ಒಂದೇ ಊರಿಗೆ ಬ್ರಿಟಿಷ್ ಏರ್‌ವೇಸ್, ಈಝಿಜೆಟ್, ಜೆಟ್2, ಟಿಯುಐ ಎಲ್ಲವೂ ಹಾರುತ್ತವೆ. ಷೆಡ್ಯೂಲ್ಡ್ (ನಿಗದಿತ ವೇಳಾಪಟ್ಟಿಯವು), ಲೋ-ಕಾಸ್ಟ್ (ಅಗ್ಗದ ದರದವು), ಚಾರ್ಟರ್ (ಪ್ರವಾಸಕ್ಕೆಂದೇ ಗೊತ್ತುಮಾಡಿದವು) ಎಂದೆಲ್ಲ ಕರೆಯುತ್ತಾರೆ. ದರದ ವಿಷಯ ಬಿಟ್ಟರೆ ಪ್ರಯಾಣಿಕರಿಗೆ ಇದರಿಂದ ಆಗುವ ವ್ಯತ್ಯಾಸವೇನು?

ಉತ್ತರ: ವಿಮಾನ ಹೇಳಿದ ಹೊತ್ತಿಗೆ ಹೊರಟು ಹೇಳಿದ ಹೊತ್ತಿಗೆ ಇಳಿದರೆ ಹೆಚ್ಚೇನೂ ವ್ಯತ್ಯಾಸ ಕಾಣಿಸದು. ಹಾರಾಟ ರದ್ದಾದಾಗ, ಮುಂದಿನ ವಿಮಾನ ತಪ್ಪಿದಾಗ, ಸಂಸ್ಥೆಯೇ ಬಾಗಿಲು ಹಾಕಿದಾಗ ನೀವು ಕೊಂಡದ್ದು ಏನನ್ನು ಎಂಬುದು ಗೊತ್ತಾಗುತ್ತದೆ.

ಮೊದಲಿಗೆ ಸುರಕ್ಷತೆಯ ಅನುಮಾನ ಬಿಟ್ಟುಬಿಡಿ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ, ಅಂದರೆ ಸಿಎಎ, ಕೊಡುವ ಪರವಾನಗಿಯಲ್ಲಿ 'ಲೋ-ಕಾಸ್ಟ್' ಎಂಬ ವರ್ಗವೇ ಇಲ್ಲ. 20 ಅಥವಾ ಅದಕ್ಕಿಂತ ಹೆಚ್ಚು ಸೀಟಿನ ವಿಮಾನ ನಡೆಸುವವರಿಗೆ 'ಟೈಪ್ ಎ', ಅದಕ್ಕಿಂತ ಚಿಕ್ಕವಕ್ಕೆ 'ಟೈಪ್ ಬಿ'. ಬ್ರಿಟಿಷ್ ಏರ್‌ವೇಸ್‌ಗೂ ಈಝಿಜೆಟ್‌ನ ಬ್ರಿಟಿಷ್ ಘಟಕಕ್ಕೂ ನಿಯಮ ಒಂದೇ.

ಬ್ರಿಟಿಷ್ ಏರ್‌ವೇಸ್ ಮತ್ತು ವರ್ಜಿನ್ ಅಟ್ಲಾಂಟಿಕ್ ಹಳೆಯ ಮಾದರಿಯ ಪೂರ್ಣ ಸೇವೆಯ ಸಂಸ್ಥೆಗಳು. ಇವು ಮಾರುವುದು ಒಂದು ಇಡೀ ಜಾಲವನ್ನು. ಬೆಂಗಳೂರಿನಿಂದ ಹೀಥ್ರೂ ಮೂಲಕ ಎಡಿನ್‌ಬರೋಗೆ ಒಂದೇ ಟಿಕೆಟ್ ಇದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ಕೈತಪ್ಪಿದರೂ ನಿಮ್ಮನ್ನು ಎಡಿನ್‌ಬರೋ ಮುಟ್ಟಿಸುವುದು ಅವರದೇ ಹೊಣೆ.

ಈಝಿಜೆಟ್, ರಯಾನ್‌ಏರ್, ವಿಝ್ ಏರ್ ಮಾರುವುದು ಎರಡು ಊರುಗಳ ನಡುವಿನ ಒಂದು ಹಾರಾಟವನ್ನು ಮಾತ್ರ. ಅಗ್ಗದ ದರದ ಗುಟ್ಟು ಇರುವುದು ಅವುಗಳ ಕೆಲಸದ ಕ್ರಮದಲ್ಲಿ. ಒಂದೇ ಕುಟುಂಬದ ವಿಮಾನಗಳಾದರೆ ಪೈಲಟ್ ತರಬೇತಿ, ಬಿಡಿಭಾಗ ಎಲ್ಲ ಒಂದೇ. ರಯಾನ್‌ಏರ್‌ನ ಬೋಯಿಂಗ್ 737-800ರಲ್ಲಿ 189 ಸೀಟು. ಇಳಿದ ವಿಮಾನವನ್ನು 25 ನಿಮಿಷದಲ್ಲಿ ಮತ್ತೆ ಹೊರಡಿಸುವ ಗುರಿ ಇರುವುದರಿಂದ ಸರಕು ಹೇರುವ ಗೋಜಿಗೂ ಅದು ಹೋಗುವುದಿಲ್ಲ. ಹೀಗೆ ಬಿಗಿಯಾಗಿ ಕಟ್ಟಿದ ದಿನದಲ್ಲಿ ಬೆಳಿಗ್ಗೆ ಒಂದು ಗಂಟೆ ತಡವಾದರೆ ಅದು ಸಂಜೆಯವರೆಗೂ ಹಿಂಬಾಲಿಸುತ್ತದೆ. ಹಿಂತಿರುಗಲೇಬೇಕಾದ ದಿನ ಕೊನೆಯ ಹಾರಾಟ ಬಿಟ್ಟು ಬೆಳಗಿನದನ್ನು ಹಿಡಿಯುವುದು ಜಾಣತನ.

ಇಲ್ಲಿ ನಮ್ಮವರು ಪದೇ ಪದೇ ಎಡವುವ ಜಾಗವೊಂದಿದೆ. ಬೆಂಗಳೂರಿನಿಂದ ಹೀಥ್ರೂಗೆ ಒಂದು ಟಿಕೆಟ್, ಅಲ್ಲಿಂದ ಬಾರ್ಸಿಲೋನಾಗೆ ಈಝಿಜೆಟ್‌ನ ಪ್ರತ್ಯೇಕ ಟಿಕೆಟ್. ಈಝಿಜೆಟ್ ಹೀಥ್ರೂನಿಂದ ಹಾರುವುದೇ ಇಲ್ಲ. ಗ್ಯಾಟ್‌ವಿಕ್‌ಗೋ ಲೂಟನ್‌ಗೋ ರಸ್ತೆಯಲ್ಲಿ ಹೋಗಬೇಕು. ಅದಕ್ಕೂ ಮೊದಲು ಇಮಿಗ್ರೇಷನ್ ದಾಟಿ ಲಗೇಜ್ ತೆಗೆದುಕೊಳ್ಳಬೇಕು. ಭಾರತೀಯ ಪಾಸ್‌ಪೋರ್ಟ್‌ನವರಿಗೆ ಇದಕ್ಕೆ ಸಾಮಾನ್ಯವಾಗಿ ಬ್ರಿಟನ್ ಪ್ರವೇಶಕ್ಕೆ ಸಲ್ಲುವ ವೀಸಾ ಬೇಕು. ನಿಲ್ದಾಣದೊಳಗೇ ವಿಮಾನ ಬದಲಿಸಲು ಕೊಡುವ ಏರ್‌ಸೈಡ್ ಟ್ರಾನ್ಸಿಟ್ ವೀಸಾದಲ್ಲಿ ಗಡಿ ದಾಟುವಂತಿಲ್ಲ. ಮೊದಲ ವಿಮಾನ ತಡವಾಗಿ ಬಂದರೆ ಎರಡನೇ ಸಂಸ್ಥೆಯ ಲೆಕ್ಕದಲ್ಲಿ ನೀವು ಬಾರದ ಪ್ರಯಾಣಿಕ, ಅಷ್ಟೇ. ಹೀಗೆಯೇ ಹೋಗಬೇಕೆಂದಿದ್ದರೆ ನಡುವೆ ಒಂದು ರಾತ್ರಿ ಇಟ್ಟುಕೊಳ್ಳಿ.

ಟಿಯುಐ ಮತ್ತು ಜೆಟ್2 ರಜಾ ಪ್ರವಾಸದ ಸಂಸ್ಥೆಗಳು. ಹಿಂದೆ 'ಚಾರ್ಟರ್' ಎನ್ನುತ್ತಿದ್ದ ವ್ಯಾಪಾರದ ಇಂದಿನ ರೂಪ. ಇದರ ಬೇರು 1950ರಲ್ಲಿದೆ. ಆ ವರ್ಷ ಹೊರೈಝನ್ ಹಾಲಿಡೇಸ್‌ನ ವ್ಲಾದಿಮಿರ್ ರೈಟ್ಜ್ ಗ್ಯಾಟ್‌ವಿಕ್‌ನಿಂದ ಕಾರ್ಸಿಕಾದ ಕಾಲ್ವಿಗೆ ಪ್ರಯಾಣ, ಊಟ, ವಸತಿ ಸೇರಿಸಿ ಜನರನ್ನು ಕರೆದೊಯ್ದರು. ವಸತಿಯ ಜೊತೆ ಸೀಟು ಮಾರುವ ಈ ಅಭ್ಯಾಸವೇ ಇವತ್ತಿಗೂ ಪ್ರಯಾಣಿಕರಿಗೆ ದೊಡ್ಡ ರಕ್ಷಣೆ.

ಮ್ಯಾಂಚೆಸ್ಟರಿನಿಂದ ಅಲಿಕಾಂಟೆಗೆ ಹೊರಟ ಜೆಟ್2 ವಿಮಾನದಲ್ಲಿ ಇಬ್ಬರು ಅಕ್ಕಪಕ್ಕ ಕೂತಿದ್ದಾರೆ ಎನ್ನಿ. ಒಬ್ಬರು ಬರೀ ಸೀಟು ಕೊಂಡವರು. ಇನ್ನೊಬ್ಬರು ಜೆಟ್2 ಹಾಲಿಡೇಸ್‌ನಿಂದ ಹೋಟೆಲ್ ಸಮೇತ ಕೊಂಡವರು. ಎರಡನೆಯವರ ಕೈಯಲ್ಲಿ ಸಿಎಎ ನಡೆಸುವ ಅಟಾಲ್ ಎಂಬ ರಕ್ಷಣಾ ಯೋಜನೆಯ ಪ್ರಮಾಣಪತ್ರ ಇರುತ್ತದೆ: ಮಾರಿದ ಸಂಸ್ಥೆ ಮುಳುಗಿದರೆ ಹೊರಡದವರಿಗೆ ಹಣ ವಾಪಸ್, ಹೊರಟವರಿಗೆ ಮರಳುವ ದಾರಿ. ಇದಕ್ಕಾಗಿ ಸಂಸ್ಥೆ ತಲಾ 2.50 ಪೌಂಡ್ ನಿಧಿಗೆ ಕಟ್ಟುತ್ತದೆ. ಮೊದಲನೆಯವರಿಗೆ ಅದು ಇಲ್ಲ. ವಿಮಾನ ಸಂಸ್ಥೆಯಿಂದ ನೇರವಾಗಿ ಕೊಂಡ ಬರೀ ಸೀಟು, ಅದು ಬ್ರಿಟಿಷ್ ಏರ್‌ವೇಸ್‌ನದೇ ಆಗಿರಲಿ, ಅಟಾಲ್‌ನಲ್ಲಿ ಬರುವುದಿಲ್ಲ. ದುಡ್ಡು ಕೊಟ್ಟ ತಕ್ಷಣ ಪ್ರಮಾಣಪತ್ರ ಬಂತೇ ನೋಡಿ. ಬರದಿದ್ದರೆ ಕೇಳಿ.

ಇದು ಬರೀ ಕಾಗದದ ಮಾತಲ್ಲ. 2017ರ ಅಕ್ಟೋಬರ್ 2ರಂದು ಮೊನಾರ್ಕ್ ವಿಮಾನ ಸಂಸ್ಥೆ ನಿಂತಾಗ ಹೊರದೇಶದಲ್ಲಿದ್ದ ಸುಮಾರು 1,10,000 ಮಂದಿಗಾಗಿ, 2019ರ ಸೆಪ್ಟೆಂಬರ್‌ನಲ್ಲಿ ಥಾಮಸ್ ಕುಕ್ ಬಿದ್ದಾಗ ಸುಮಾರು 1,50,000 ಮಂದಿಗಾಗಿ ಸಿಎಎ ವಾಪಸ್ ಕರೆತರುವ ಏರ್ಪಾಡು ಮಾಡಿತು. 2023ರ ಜನವರಿಯಲ್ಲಿ ಫ್ಲೈಬಿ ನಿಂತಾಗ ಪ್ರಯಾಣಿಕರು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕಾಯಿತು. ಬರೀ ಸೀಟು ಕೊಳ್ಳುವವರು ಬ್ರಿಟಿಷ್ ಕ್ರೆಡಿಟ್ ಕಾರ್ಡಿನಲ್ಲೇ ಹಣ ಕೊಡುವುದು ಒಳ್ಳೆಯದು. ಬೆಲೆ 100 ಪೌಂಡ್ ಮೀರಿದ್ದು 30,000 ಪೌಂಡ್‌ನೊಳಗಿದ್ದರೆ, 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯೂ ಹೊಣೆಗಾರ. ಡೆಬಿಟ್ ಕಾರ್ಡಿಗೆ ಈ ಕಾನೂನು ಅನ್ವಯಿಸದು.

ಪ್ರಾದೇಶಿಕ ಸಂಸ್ಥೆಗಳ ಲೋಕವೇ ಬೇರೆ. ಗ್ಲಾಸ್ಗೋದ ಲೋಗನ್‌ಏರ್ ಓರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಹಾರುವ ದೂರ ಮೂರು ಕಿಲೋಮೀಟರಿಗಿಂತ ಕಡಿಮೆ. ಗಾಳಿ ಅನುಕೂಲವಾಗಿದ್ದರೆ ಎರಡು ನಿಮಿಷವೂ ಬೇಡ. ಬಾರಾ ದ್ವೀಪದಲ್ಲಿ ರನ್‌ವೇ ಎಂದರೆ ಕಡಲತೀರದ ಮರಳು, ಹಾಗಾಗಿ ವೇಳಾಪಟ್ಟಿ ಸಮುದ್ರದ ಇಳಿತಕ್ಕೆ ತಕ್ಕಂತೆ. ಸರ್ಕಾರದ ನೆರವಿಲ್ಲದೆ ನಡೆಯದ ಇಂಥ ಮಾರ್ಗಗಳನ್ನು ಲಾಭನಷ್ಟದ ತಕ್ಕಡಿಯಲ್ಲಿ ತೂಗುವುದು ತಪ್ಪು. ಆಸ್ಪತ್ರೆ, ಶಾಲೆಗಳಿಗೆ ಹೋಗುವವರ ದಾರಿ ಅದು.

ಇನ್ನು ಪರಿಹಾರದ ಲೆಕ್ಕ. 'ಯುಕೆ261' ನಿಯಮದಂತೆ ಸಂಸ್ಥೆಯ ಕಾರಣದಿಂದ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ 1,500 ಕಿ.ಮೀ.ವರೆಗೆ 220 ಪೌಂಡ್, 3,500 ಕಿ.ಮೀ.ವರೆಗೆ 350, ಅದಕ್ಕೂ ಮೀರಿದರೆ 520. ಈ ಕೊನೆಯ ಮೊತ್ತ ತಡ ನಾಲ್ಕು ಗಂಟೆಯೊಳಗಿದ್ದರೆ ಅರ್ಧಕ್ಕೆ ಇಳಿಯಬಹುದು. ಟಿಕೆಟ್ ಎಷ್ಟೇ ಅಗ್ಗವಿದ್ದರೂ ಮೊತ್ತ ಅಷ್ಟೇ. ಬ್ರಿಟನ್ನಿನಿಂದ ಹೊರಡುವ ಯಾವ ದೇಶದ ಸಂಸ್ಥೆಗೂ ಇದು ಅನ್ವಯ. ಬ್ರಿಟನ್ನಿಗೆ ಬರುವಾಗ ಮಾತ್ರ ಸಂಸ್ಥೆ ಬ್ರಿಟನ್ನಿನದೋ ಐರೋಪ್ಯ ಒಕ್ಕೂಟದ್ದೋ ಆಗಿರಬೇಕು. ಆದ್ದರಿಂದ ಲಂಡನ್‌ನಿಂದ ಬೆಂಗಳೂರಿಗೆ ಏರ್ ಇಂಡಿಯಾದಲ್ಲಿ ಹೊರಟರೆ ಈ ಹಕ್ಕು ಇದೆ, ಬೆಂಗಳೂರಿನಿಂದ ಲಂಡನ್‌ಗೆ ಅದೇ ಏರ್ ಇಂಡಿಯಾದಲ್ಲಿ ಬಂದರೆ ಇಲ್ಲ. ಬ್ರಿಟಿಷ್ ಏರ್‌ವೇಸ್ ಅಥವಾ ವರ್ಜಿನ್ ಆದರೆ ಎರಡೂ ಕಡೆಗೆ ಇದೆ. ಕೆಟ್ಟ ಹವಾಮಾನ, ಏರ್ ಟ್ರಾಫಿಕ್ ಕಂಟ್ರೋಲ್ ಮುಷ್ಕರ ಇದ್ದರೆ ಪರಿಹಾರದ ಹಣ ಸಿಗದು, ಊಟ ಮತ್ತು ವಸತಿ ಸಿಗಬೇಕು. ಪೈಲಟ್‌ಗೆ ಹುಷಾರಿಲ್ಲ ಎಂಬುದು ತಪ್ಪಿಸಿಕೊಳ್ಳುವ ಕಾರಣವಲ್ಲ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2024ರಲ್ಲಿ ತೀರ್ಪು ಕೊಟ್ಟಿದೆ.

ಅರ್ಜಿ ಯಾರಿಗೆ? ಕೋಡ್‌ಶೇರ್ ಆಗಿದ್ದರೆ, ಅಂದರೆ ಒಂದು ಸಂಸ್ಥೆ ಮಾರಿದ ಟಿಕೆಟ್‌ನ ಹಾರಾಟವನ್ನು ಇನ್ನೊಂದು ಸಂಸ್ಥೆ ನಡೆಸಿದರೆ, ಟಿಕೆಟ್ ಮಾರಿದವರಿಗಲ್ಲ, ಹಾರಾಟ ನಡೆಸಿದವರಿಗೆ. ಆದರೆ ಬೇಸಿಗೆಯಲ್ಲಿ ವಿಮಾನ ಸಾಲದೆ ಸಂಸ್ಥೆಗಳು ಟೈಟನ್ ಏರ್‌ವೇಸ್‌ನಂಥವರಿಂದ ವಿಮಾನ, ಸಿಬ್ಬಂದಿ ಸಮೇತ ಬಾಡಿಗೆಗೆ ತರುತ್ತವೆ. ಇದು 'ವೆಟ್ ಲೀಸ್'. ಅಲ್ಲಿ ಹೊಣೆ ಬಾಡಿಗೆಗೆ ತಂದವರದೇ. ಹೊರಗೆ ಬೇರೆ ಹೆಸರು ಬರೆದ ಇಂಥ ಬಾಡಿಗೆ ವಿಮಾನ ಬಂದು ನಿಂತರೆ ಗಾಬರಿ ಬೇಡ, ಟಿಕೆಟ್‌ನಲ್ಲಿರುವ ಸಂಸ್ಥೆಗೇ ಬರೆಯಿರಿ.

ಸರಕಿನಲ್ಲೂ ಹೀಗೆಯೇ ಬಗೆಗಳಿವೆ. ಹೀಥ್ರೂ ಸರಕಿನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಪ್ರಯಾಣಿಕ ವಿಮಾನಗಳ ಹೊಟ್ಟೆಯಲ್ಲೇ ಸಾಗುತ್ತದೆ. ಬರೀ ಸರಕಿನ ವಿಮಾನಗಳ ತವರು ಈಸ್ಟ್ ಮಿಡ್‌ಲ್ಯಾಂಡ್ಸ್. ಡಿಎಚ್‌ಎಲ್, ಯುಪಿಎಸ್, ರಾಯಲ್ ಮೇಲ್‌ನ ಅಂಚೆ ಅಲ್ಲಿ ರಾತ್ರಿಯಿಡೀ ಓಡಾಡುತ್ತದೆ. ದೊಡ್ಡ ಪ್ರಯಾಣಿಕ ವಿಮಾನದ ಕೆಳಭಾಗದಲ್ಲಿ ಸುಮಾರು 160 ಸೆಂ.ಮೀ. ಎತ್ತರದವರೆಗಷ್ಟೇ ಜಾಗ. ಅದಕ್ಕಿಂತ ಎತ್ತರದ ಯಂತ್ರ ಸರಕು ವಿಮಾನವನ್ನೇ ಕಾಯಬೇಕು. ಬಿಡಿ ಲಿಥಿಯಂ-ಅಯಾನ್ ಬ್ಯಾಟರಿ 2016ರ ಏಪ್ರಿಲ್‌ನಿಂದ ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಹೋಗುವಂತಿಲ್ಲ.

ಲಂಡನ್‌ನಿಂದ ಊರಿಗೆ ಪೆಟ್ಟಿಗೆ ಕಳಿಸುವವರು ತೂಕದ ಜೊತೆ ಅಳತೆಯನ್ನೂ ಲೆಕ್ಕ ಹಾಕಬೇಕು. 60×50×40 ಸೆಂ.ಮೀ. ಪೆಟ್ಟಿಗೆ ಎಂದರೆ 1,20,000 ಘನ ಸೆಂ.ಮೀ. ಕೊರಿಯರ್‌ನವರು ಸಾಮಾನ್ಯವಾಗಿ 5,000ದಿಂದ ಭಾಗಿಸಿ 24 ಕಿಲೋ ಎನ್ನುತ್ತಾರೆ, ಏರ್ ಫ್ರೈಟ್‌ನವರು 6,000ದಿಂದ ಭಾಗಿಸಿ 20 ಕಿಲೋ. ಒಳಗಿರುವುದು 11 ಕಿಲೋ ಬಟ್ಟೆಯಾದರೂ ಬಿಲ್ ಬರುವುದು ಈ ಲೆಕ್ಕದಲ್ಲೇ. ಪೆಟ್ಟಿಗೆಯ ಎತ್ತರವನ್ನು 25 ಸೆಂ.ಮೀ.ಗೆ ತಗ್ಗಿಸಿದರೆ ಕೊರಿಯರ್ ಲೆಕ್ಕ 15 ಕಿಲೋಗೆ ಇಳಿಯುತ್ತದೆ.