ಗ್ರಂಥಋಣದ ಉದ್ರಿ ಪುಸ್ತಕ

ಒಣದ್ರಾಕ್ಷಿ ಮೇಲೆ ಮಹಾಪ್ರಬಂಧ ಬರೆಯುತ್ತಿದ್ದ ಹುಡುಗಿಯೊಬ್ಬಳು ಕಳೆದ ಬೇಸಿಗೆಯಲ್ಲಿ ನಮ್ಮ ಗ್ರಂಥಾಲಯಕ್ಕೆ ಬಂದಳು. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ನಡೆದು ಬಂದಿದ್ದಳು. ನೀರು ಕೊಟ್ಟರೂ ಕುಡಿಯಲಿಲ್ಲ, ಪೆನ್ ಡ್ರೈವ್ ಮುಂದೆ ಚಾಚಿದಳು. ದ್ರಾಕ್ಷಿಯನ್ನು ಒಣಹಾಕುವ ಮುಂಚೆ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುತ್ತಾರಲ್ವಾ? ಅದರಿಂದ ಸಿಪ್ಪೆಯ ಮೇಲಿನ ಮೇಣ ಸಡಿಲವಾಗಿ ಹಣ್ಣು ಬೇಗ ಒಣಗುತ್ತದೆ. ಆ ಮಾತಿಗೆ ಆಧಾರವಾಗಿ ಕೊಟ್ಟಿದ್ದ 11ನೇ ಉಲ್ಲೇಖವನ್ನು ತೆಗೆಯಲು ಗೈಡ್ ಹೇಳಿದ್ದರಂತೆ.

“ಹನ್ನೊಂದು ತಗದ್ರ ಮುಂದಿನ್ವೆಲ್ಲಾ ಬದಲಾಗ್ತಾವ್ರಿ ಮೇಡಂ” ಅಂದಳು. ಒಟ್ಟು 180 ಉಲ್ಲೇಖ. ಎಲ್ಲವನ್ನೂ ಕೈಯಿಂದಲೇ ಟೈಪ್ ಮಾಡಿದ್ದಳು.

ಕನ್ನಡ ಮಹಾಪ್ರಬಂಧಗಳ ಕೊನೆಯಲ್ಲಿ ‘ಗ್ರಂಥಋಣ’ ಅಂತ ಒಂದು ತಲೆಬರಹ ಇರುತ್ತದೆ. ನನಗೆ ತುಂಬಾ ಇಷ್ಟವಾದ ಪದ ಅದು. ಓದಿದ್ದು ಸಾಲ, ಬರೆಯುವಾಗ ಅದನ್ನು ಒಪ್ಪಿಕೊಳ್ಳಬೇಕು. ಸಾಲದ ಲೆಕ್ಕ ಇಡುವುದು ನಮ್ಮ ಕಿರಾಣಿ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಸಕ್ಕರೆ ತೂಗಿಕೊಟ್ಟ ಕೂಡಲೇ ಉದ್ರಿ ಪುಸ್ತಕದಲ್ಲಿ ಬರೆಯುತ್ತಾರೆ, ತಿಂಗಳ ಕೊನೆಗೆ ಕೂತು ನೆನಪಿಸಿಕೊಳ್ಳುವುದಿಲ್ಲ. ಸಂಶೋಧಕರಲ್ಲಿ ಹೆಚ್ಚಿನವರು ಮಾಡುವುದು ಇದರ ತಿರುಗು ಮುರುಗು. ಮೂರು ವರ್ಷ ಓದುತ್ತಾರೆ, ಸಲ್ಲಿಸುವ ಹಿಂದಿನ ವಾರ ಲೆಕ್ಕ ಹುಡುಕುತ್ತಾರೆ.

ಉಲ್ಲೇಖ ನಿರ್ವಹಣೆಯ ತಂತ್ರಾಂಶ ಅಂದರೆ ಇಂಥ ಉದ್ರಿ ಪುಸ್ತಕವೇ. ಎಂಡ್‌ನೋಟ್ ಎಂಬ ತಂತ್ರಾಂಶಕ್ಕೆ ದುಡ್ಡು ಕೊಡಬೇಕು. ಮೆಂಡಲೆ ಎಂಬ ಇನ್ನೊಂದನ್ನು 2013ರಲ್ಲಿ ಎಲ್ಸೆವಿಯರ್ ಪ್ರಕಾಶನ ಸಂಸ್ಥೆ ಕೊಂಡುಕೊಂಡಿತು. ನಾನು ಹೇಳಿಕೊಡುವುದು ಜೊಟೆರೊ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸಕಾರರು 2006ರಲ್ಲಿ ಹೊರತಂದದ್ದು, ಪೂರ್ತಿ ಉಚಿತ. ಲೇಖನದ ಪುಟ ಬ್ರೌಸರಿನಲ್ಲಿ ತೆರೆದಿರುವಾಗ ಒಂದು ಗುಂಡಿ ಒತ್ತಿದರೆ ಲೇಖಕರ ಹೆಸರು, ವರ್ಷ, ಪತ್ರಿಕೆ, ಪುಟ ಎಲ್ಲವೂ ಬಂದು ಕೂರುತ್ತವೆ. ನಮ್ಮ ಮಕ್ಕಳಿಗೆ ಇದಕ್ಕಿಂತ ಜಾಸ್ತಿ ಬೇಕಿಲ್ಲ.

ವರ್ಡ್ ಕಡತದೊಳಗೆ ಅದು ಏನು ಮಾಡುತ್ತದೆ ಅಂತ ಗೊತ್ತಿದ್ದರೆ ಅರ್ಧ ತಾಪತ್ರಯ ತಪ್ಪುತ್ತದೆ. ಪರದೆಯ ಮೇಲೆ [11] ಅಂತಲೋ (ಪಾಟೀಲ, 2014) ಅಂತಲೋ ಕಾಣುವುದು ಮೇಲಿನ ಸಿಪ್ಪೆ ಅಷ್ಟೆ. ಕೆಳಗೆ ಕಾಣದಂತೆ ಆ ಲೇಖನದ ಪೂರ್ತಿ ವಿವರ ಅಡಗಿರುತ್ತದೆ. ಒಂದನ್ನು ಅಳಿಸಿ ರಿಫ್ರೆಶ್ ಮಾಡಿದರೆ ತಂತ್ರಾಂಶ ಮೊದಲಿಂದ ಎಣಿಸಿಕೊಂಡು ಬರುತ್ತದೆ, ಕೊನೆಯ ಪಟ್ಟಿಯನ್ನೂ ಹೊಸದಾಗಿ ಕಟ್ಟುತ್ತದೆ. ಅದಕ್ಕೇ ಸಿಪ್ಪೆಯ ಮೇಲೆ ಕೈಯಿಂದ ತಿದ್ದಬಾರದು. ತಪ್ಪಿದ್ದರೆ ಜೊಟೆರೊ ಒಳಗೆ ಹೋಗಿ ಮೂಲ ದಾಖಲೆಯನ್ನೇ ತಿದ್ದಬೇಕು. ಕಡತವನ್ನು ಬೇರೆ ತಂತ್ರಾಂಶದಲ್ಲಿ ತೆರೆದು ಸೇವ್ ಮಾಡಿದರೂ ಈ ಕೊಂಡಿ ಕಡಿದುಹೋಗಬಹುದು. ಗೈಡ್‌ಗೆ ಕಳಿಸುವಾಗ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ.

ಆ ಹುಡುಗಿಯ 180ನ್ನೂ ಒಂದೊಂದಾಗಿ ಮತ್ತೆ ಜೋಡಿಸಲು ನಮಗೆ ಮೂರು ದಿನ ಹಿಡಿಯಿತು. ಟೈಪ್ ಮಾಡಿದ ಅಕ್ಷರಕ್ಕೆ ಕೊಂಡಿ ತಾನಾಗಿ ಹುಟ್ಟುವುದಿಲ್ಲ. ಮೂರನೇ ದಿನ ನಂಬರ್ ಬದಲು ಹೆಸರು-ವರ್ಷದ ಶೈಲಿ ಆರಿಸಿ ನೋಡಿದೆವು. ಒಂದು ಕಡೆ ‘2014ಎ’, ಇನ್ನೊಂದು ಕಡೆ ‘2014ಬಿ’ ಅಂತ ಬಂತು. ಲೇಖನ ಒಂದೇ! ಅದನ್ನು ಎರಡು ಸಲ ಸೇರಿಸಿದ್ದಳು, ತಂತ್ರಾಂಶ ಎರಡು ಅಂದುಕೊಂಡಿತ್ತು. ಇಂಥಲ್ಲಿ ಒಂದನ್ನು ಸುಮ್ನೆ ಅಳಿಸಬಾರದು, ಅಳಿಸಿದ್ದಕ್ಕೆ ಬೆಸೆದಿದ್ದ ಕೊಂಡಿ ಅನಾಥವಾಗುತ್ತದೆ. ಎರಡನ್ನೂ ಆರಿಸಿ ‘ಮರ್ಜ್’ ಮಾಡಬೇಕು. ಮಾಡಿದೆವು. ಎ, ಬಿ ಎರಡೂ ಹೋದವು.

ಇದಕ್ಕಿಂತ ಸೂಕ್ಷ್ಮವಾದದ್ದು ಪಾಟೀಲರ ಸಮಸ್ಯೆ. ನಮ್ಮ ಭಾಗದ ಸಂಶೋಧನೆ ಅಂದಮೇಲೆ ಪಾಟೀಲ, ಕುಲಕರ್ಣಿ, ಬಿರಾದಾರ ಅಡ್ಡಹೆಸರುಗಳು ಎಷ್ಟು! ಒಬ್ಬರೇ ಪಾಟೀಲರು ಒಂದು ಲೇಖನದಲ್ಲಿ ‘ಎಸ್. ಪಾಟೀಲ’, ಇನ್ನೊಂದರಲ್ಲಿ ‘ಎಸ್.ಬಿ. ಪಾಟೀಲ’ ಅಂತ ಇದ್ದರೆ ತಂತ್ರಾಂಶಕ್ಕೆ ಅವರು ಇಬ್ಬರು. ಎಪಿಎ ಎಂಬ ಹೆಸರು-ವರ್ಷದ ಶೈಲಿಯಲ್ಲಿ ಒಂದೇ ಅಡ್ಡಹೆಸರಿನ ಇಬ್ಬರಿದ್ದರೆ ಮೊದಲಕ್ಷರ ಸೇರಿಸಿ ಗುರುತು ಹಿಡಿಸಬೇಕು ಅನ್ನುವುದು ನಿಯಮ. ಹಾಗಾಗಿ ಪಾಟೀಲರ ಹೆಸರಿನ ಹಿಂದೆ ಮಾತ್ರ ಮೊದಲಕ್ಷರಗಳು ಕಾಣಿಸಿಕೊಳ್ಳುತ್ತವೆ. ವಿದ್ಯಾರ್ಥಿಗಳು ಸಾಫ್ಟ್‌ವೇರ್ ಕೆಟ್ಟಿದೆ ಅನ್ನುತ್ತಾರೆ. ಕೆಟ್ಟಿಲ್ಲ, ನಿಯಮ ಪಾಲಿಸುತ್ತಿದೆ. ಎರಡೂ ದಾಖಲೆಯಲ್ಲಿ ಹೆಸರನ್ನು ಒಂದೇ ಥರ ಬರೆದರೆ ಸರಿಹೋಗುತ್ತದೆ. ಅದಕ್ಕೆ ಮುಂಚೆ ಇಬ್ಬರೂ ನಿಜಕ್ಕೂ ಒಬ್ಬರೇ ಹೌದಾ ಅಂತ ನೋಡಿಕೊಳ್ಳಬೇಕು. ಇದು ಮನುಷ್ಯರೇ ಮಾಡಬೇಕಾದ ಕೆಲಸ.

ಲೇಖನಕ್ಕಾದರೆ ಡಿಒಐ ಎಂಬ ಆಸರೆ ಇದೆ. ಲೇಖನವನ್ನು ಗುರುತಿಸಲು ಕೊಡುವ, ‘10.’ ಎಂದು ಶುರುವಾಗುವ ಸಂಖ್ಯೆ, 2000ನೇ ಇಸವಿಯಿಂದ ಬಳಕೆಗೆ ಬಂತು. ಪತ್ರಿಕೆಯ ಜಾಲತಾಣ ಬದಲಾದರೂ ಸಂಖ್ಯೆ ಬದಲಾಗದು, ಪ್ರಕಾಶಕರು ಹೊಸ ವಿಳಾಸವನ್ನು ಅದಕ್ಕೆ ತಗುಲಿಸುತ್ತಾರೆ. ವಚನದ ಅಂಕಿತ ಇದ್ದಂತೆ ಅಂತ ನಾನು ಹೇಳುತ್ತೇನೆ. ಫ.ಗು. ಹಳಕಟ್ಟಿಯವರು ಇದೇ ವಿಜಯಪುರದಲ್ಲಿದ್ದು ತಾಳೆಗರಿ ಕಟ್ಟುಗಳನ್ನು ಕಲೆಹಾಕಿದರು. ಕಟ್ಟು ಯಾರ ಮನೆಯದಾದರೂ ‘ಕೂಡಲಸಂಗಮದೇವ’ ಅಂತಿದ್ದರೆ ಬಸವಣ್ಣನವರದು. ಆದರೆ ಅಂಕಿತ ಅಂಟಿಸಿದ ಖೊಟ್ಟಿ ವಚನಗಳೂ ಇವೆ. ಈಗ ಎಐ ಚಾಟ್‌ಬಾಟ್ ಕೇಳಿದರೆ ಇಲ್ಲದ ಲೇಖನವನ್ನೂ ಹೆಸರು, ವರ್ಷ, ಡಿಒಐ ಸಮೇತ ಕೊಟ್ಟುಬಿಡಬಹುದು. ಆ ಸಂಖ್ಯೆಯನ್ನು ಜೊಟೆರೊದಲ್ಲಿ ಹಾಕಿ ನೋಡಿ. ಒಂದೋ ಏನೂ ಬರುವುದಿಲ್ಲ, ಇಲ್ಲಾ ಸಂಬಂಧವೇ ಇಲ್ಲದ ಬೇರೆ ಲೇಖನ ಬರುತ್ತದೆ. ಸರಿಯಾದದ್ದೇ ಬಂದರೂ ಓದದೆ ಸೇರಿಸಬೇಡಿ.

ಕನ್ನಡ ಪುಸ್ತಕಗಳ ವಿಷಯದಲ್ಲಿ ಮಾತ್ರ ಗುಂಡಿ ಒತ್ತಿ ಮುಗಿಸುವಂತಿಲ್ಲ. ಹಳೆಯ ಪುಸ್ತಕಕ್ಕೆ ಡಿಒಐ ಇಲ್ಲ, ಐಎಸ್‌ಬಿಎನ್ ಎಂಬ ಪುಸ್ತಕದ ಗುರುತು ಸಂಖ್ಯೆ ಕೂಡ ಇರುವುದಿಲ್ಲ. ಪುಸ್ತಕ ಎದುರಿಗಿಟ್ಟುಕೊಂಡು ಶೀರ್ಷಿಕೆ ಪುಟ, ಅದರ ಹಿಂಬದಿ ನೋಡಿ ಟೈಪ್ ಮಾಡಬೇಕು. ಎಷ್ಟನೇ ಮುದ್ರಣ ಅನ್ನುವುದನ್ನು ಬಿಡಬೇಡಿ, ಮುದ್ರಣ ಬದಲಾದರೆ ಪುಟಸಂಖ್ಯೆಯೂ ಬದಲಾಗುತ್ತದೆ.

ಲೇಖಕರ ಹೆಸರಿಗೆ ಜೊಟೆರೊದಲ್ಲಿ ಎರಡು ಖಾನೆ ಇರುತ್ತವೆ, ಅಡ್ಡಹೆಸರಿಗೊಂದು, ಹೆಸರಿಗೊಂದು. ಹಳಕಟ್ಟಿ ಒಂದರಲ್ಲಿ, ಫ.ಗು. ಇನ್ನೊಂದರಲ್ಲಿ, ಸಲೀಸು. ಹೋದ ವರ್ಷ ಕನ್ನಡ ಎಂ.ಎ. ಹುಡುಗಿಯೊಬ್ಬಳ ಪಟ್ಟಿಯಲ್ಲಿ ‘ಮಹಾದೇವಿ, ಅಕ್ಕ’ ಅಂತ ಅಚ್ಚಾಗಿದ್ದು ಕಂಡು ಜೀವ ಚುರ್ ಅಂತು. ಅಕ್ಕನ ಹೆಸರಲ್ಲೇ ವಿಶ್ವವಿದ್ಯಾಲಯ ಇರುವ ಊರು ಇದು. ಹೆಸರಿನ ಪಕ್ಕದಲ್ಲಿ ಎರಡು ಖಾನೆಯನ್ನು ಒಂದಾಗಿಸುವ ಸಣ್ಣ ಗುಂಡಿ ಇದೆ. ಅವಳನ್ನು ಕೂರಿಸಿ ಅದನ್ನು ತೋರಿಸಿದೆ. ಒತ್ತಿದಳು, ‘ಅಕ್ಕಮಹಾದೇವಿ’ ಅಂತ ಕೂಡಿಸಿ ಬರೆದಳು, ರಿಫ್ರೆಶ್ ಮಾಡಿದಳು. ಪಟ್ಟಿಯಲ್ಲಿ ಮ ಅಕ್ಷರದ ಹತ್ತಿರ ಇದ್ದ ಅಕ್ಕ ಅ ಅಕ್ಷರಕ್ಕೆ, ಎಲ್ಲರಿಗಿಂತ ಮೊದಲ ಸಾಲಿಗೆ ಬಂದಳು.