ಹಾರ್ಡ್‌ವೇರ್ ಗಡಿಯಾರದಿಂದ ಸಿಸ್ಟಮ್ ಟೈಮ್: ನಡುವಿನ ಐದೂವರೆ ತಾಸು

ನಿನ್ನೆ ಮುಂಜಾನೆಯಿಂದ ಸಂಜೆಯ ತನಕ ಕಂಪ್ಯೂಟರಿನ ಟೈಮ್ ಸರಿಮಾಡುವುದರಲ್ಲೇ ಕಳೆಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಇತ್ತು, ಪಕ್ಕದಲ್ಲಿ ಲಿನಕ್ಸ್ ಹಾಕಿಕೊಂಡಿದ್ದೆ. ನಿನ್ನೆ ವಿಜಯಪುರದ ನಮ್ಮ ಓಣಿಯಲ್ಲಿ ಇಂಟರ್ನೆಟ್ ಇರಲಿಲ್ಲ. ಲಿನಕ್ಸ್ ಚಾಲೂ ಮಾಡಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಹಣಿಕಿ ನೋಡಿ, "ಮುಂಜಾನಿ ಹತ್ತಕ್ಕ ಇದು ಮೂರೂವರಿ ತೋರಸಾಕತ್ತೈತಲ್ಲೋ" ಅಂದಳು.

ಗಡಿಯಾರಗಳು ಎರಡು. ಮದರ್‌ಬೋರ್ಡ್ ಮೇಲಿನ ಹಾರ್ಡ್‌ವೇರ್ ಗಡಿಯಾರವೇ ಆರ್‌ಟಿಸಿ (ರಿಯಲ್ ಟೈಮ್ ಕ್ಲಾಕ್). 3 ವೋಲ್ಟ್‌ನ ಬಟನ್ ಸೆಲ್ ಇರುವುದರಿಂದ ಕರೆಂಟ್ ಹೋದರೂ ನಡೆಯುತ್ತದೆ. ಇನ್ನೊಂದು ಕರ್ನಲ್‌ನ (ಲಿನಕ್ಸ್‌ನ ತಿರುಳು) ಸಿಸ್ಟಮ್ ಗಡಿಯಾರ. 1970ರ ಜನವರಿ 1ರಿಂದ ಯುಟಿಸಿ (ಲೋಕಕ್ಕೆಲ್ಲ ಒಂದೇ ಆಧಾರ ಸಮಯ, ನಮ್ಮದು ಅದಕ್ಕಿಂತ ಐದೂವರೆ ತಾಸು ಮುಂದೆ) ಲೆಕ್ಕದಲ್ಲಿ ಸೆಕೆಂಡ್ ಎಣಿಸುತ್ತದೆ, ಮಷೀನ್ ಆಫ್ ಆದರೆ ಅದೂ ಇಲ್ಲ. ಹಾಗಾಗಿ ಬೂಟ್ ಆಗುವಾಗ ಆರ್‌ಟಿಸಿ ನೋಡಿ ಸಿಸ್ಟಮ್ ಟೈಮ್ ಹೊಂದಿಸಬೇಕು. ಕೈಯಿಂದ ಮಾಡುವುದಾದರೆ ಎಚ್‌ಡಬ್ಲ್ಯೂಕ್ಲಾಕ್ ಆಜ್ಞೆಗೆ ಎಚ್‌ಸಿ‌ಟುಸಿಸ್ ಆಯ್ಕೆ ಕೊಡಬೇಕು. ಉಲ್ಟಾ ದಿಕ್ಕಿಗೆ ಸಿಸ್‌ಟುಎಚ್‌ಸಿ. ಎಚ್‌ಸಿ ಅಂದರೆ ಹಾರ್ಡ್‌ವೇರ್ ಗಡಿಯಾರ, ಸಿಸ್ ಅಂದರೆ ಸಿಸ್ಟಮ್; ಮೊದಲು ಬಂದದ್ದು ಕೊಡುವವರು, ಕೊನೆಗೆ ಬಂದದ್ದು ತೆಗೆದುಕೊಳ್ಳುವವರು ಎಂದು ನೆನಪಿಟ್ಟುಕೊಂಡಿದ್ದೇನೆ.

ನಾನು ಎಡವಿದ್ದು ಇಲ್ಲಿ. ಆರ್‌ಟಿಸಿಯೊಳಗೆ ಬರೀ ಅಂಕಿ ಇರುತ್ತದೆ: ವರ್ಷ, ತಿಂಗಳು, ದಿನ, ತಾಸು, ನಿಮಿಷ, ಸೆಕೆಂಡ್. ಅದು ಯಾವ ಊರಿನ ಸಮಯ ಅನ್ನುವುದು ಅದರಲ್ಲಿಲ್ಲ. ನಮ್ಮ ಐಎಸ್‌ಟಿ (ಭಾರತೀಯ ಪ್ರಮಾಣ ಸಮಯ) 82.5 ಡಿಗ್ರಿ ಪೂರ್ವ ರೇಖಾಂಶದ್ದು. ವಿಜಯಪುರ ಅದಕ್ಕಿಂತ ಪಶ್ಚಿಮಕ್ಕಿದೆ, ಆದ್ದರಿಂದ ಗೋಳಗುಮ್ಮಟದ ನೆತ್ತಿಗೆ ಸೂರ್ಯ ಬರುವುದು ಸರಾಸರಿ 12 ಗಂಟೆಯಾಗಿ 27 ನಿಮಿಷಕ್ಕೆ. "ಹನ್ನೆರಡು" ಅಂದರೆ ಯಾರ ಹನ್ನೆರಡು ಎಂದು ಕೇಳಲೇಬೇಕು. ವಿಂಡೋಸ್ ಆರ್‌ಟಿಸಿಯಲ್ಲಿ ಸ್ಥಳೀಯ ಸಮಯ ಬರೆಯುತ್ತದೆ, 10:00. ಲಿನಕ್ಸ್ ಅದೇ ಅಂಕಿಯನ್ನು ಯುಟಿಸಿ ಎಂದು ಓದಿ, 5:30 ಕೂಡಿಸಿ 15:30 ತೋರಿಸುತ್ತದೆ. ವ್ಯತ್ಯಾಸ ಸರಿಯಾಗಿ ಐದೂವರೆ ತಾಸೇ ಇದ್ದರೆ ಸೆಲ್ ಬದಲಿಸಲು ಹೋಗಬೇಡಿ. ಸೆಲ್ ಸತ್ತಿದ್ದರೆ ತಾರೀಖೇ ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ.

ನಾನು ಸಿಸ್ಟಮ್ ಟೈಮ್ ಕೈಯಿಂದ 10:00 ಮಾಡಿ ಸಿಸ್‌ಟುಎಚ್‌ಸಿ ಕೊಟ್ಟೆ. ಲಿನಕ್ಸ್ ಸರಿಯಾಯಿತು. ವಿಂಡೋಸ್‌ಗೆ ಹೋದರೆ ನಸುಕಿನ ನಾಲ್ಕೂವರೆ! ಲಿನಕ್ಸ್ 5:30 ಕಳೆದು 4:30 ಬರೆದಿತ್ತು, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂದುಕೊಂಡಿತು. ಓದುವಾಗ ಕೂಡುತ್ತದೆ, ಬರೆಯುವಾಗ ಕಳೆಯುತ್ತದೆ. ಇದನ್ನು ಕಾಗದದ ಮೇಲೆ ಎರಡು ಸಲ ಬರೆದ ಮೇಲೆಯೇ ನನಗೆ ಹೊಳೆದದ್ದು.

ಇನ್ನೂ ಒಂದು ಗೊಂದಲ. ಎಚ್‌ಡಬ್ಲ್ಯೂಕ್ಲಾಕ್‌ಗೆ ಶೋ ಅಂದರೆ ಅದು ಆರ್‌ಟಿಸಿಯ ಅಂಕಿಯನ್ನು ಇದ್ದ ಹಾಗೆ ತೋರಿಸುವುದಿಲ್ಲ, ಸ್ಥಳೀಯ ಸಮಯಕ್ಕೆ ತಿರುಗಿಸಿ ತೋರಿಸುತ್ತದೆ. ಟೈಮ್‌ಡೇಟ್‌ಸಿಟಿಎಲ್ ಎಂಬ ಇನ್ನೊಂದು ಆಜ್ಞೆಯ "ಆರ್‌ಟಿಸಿ ಟೈಮ್" ಸಾಲಿನಲ್ಲಿ ಇರುವುದು ಒಳಗಿನ ಅಂಕಿಯೇ. ಎರಡೂ ಬೇರೆ ಬೇರೆ ಹೇಳುತ್ತಿವೆ ಎಂದು ಒಂದು ತಾಸು ತಲೆ ಕೆಡಿಸಿಕೊಂಡೆ. ಎರಡೂ ಸರಿಯೇ ಇದ್ದವು.

ಅಂಕಿಯನ್ನು ಹೇಗೆ ಓದಬೇಕು ಅನ್ನುವುದು ಇಟಿಸಿ ಫೋಲ್ಡರಿನ ಅಡ್ಜ್‌ಟೈಮ್ ಫೈಲಿನ ಮೂರನೇ ಸಾಲಿನಲ್ಲಿದೆ: ಯುಟಿಸಿ ಅಥವಾ ಲೋಕಲ್. ಎಚ್‌ಸಿ‌ಟುಸಿಸ್ ಜೊತೆ ಲೋಕಲ್‌ಟೈಮ್ ಎಂದು ಕೊಟ್ಟರೆ ಆ ಒಂದು ಸಲಕ್ಕೆ ಕೆಲಸ ಆಗುತ್ತದೆ, ಫೈಲಿನಲ್ಲಿ ಉಳಿಯುವುದಿಲ್ಲ. ಲಿನಕ್ಸನ್ನೇ ಲೋಕಲ್‌ಗೆ ಬದಲಿಸಬಹುದು, ಆದರೆ ಟೈಮ್‌ಡೇಟ್‌ಸಿಟಿಎಲ್ ಎಚ್ಚರಿಕೆ ಕೊಡುತ್ತದೆ. ಬೇಸಿಗೆಗೆ ಗಡಿಯಾರ ಮುಂದೆ ಮಾಡುವ ದೇಶಗಳಲ್ಲಿ ಆ ದಾರಿ ನಿಜಕ್ಕೂ ಕಷ್ಟದ್ದು. ನಮ್ಮಲ್ಲಿ ಆ ಪದ್ಧತಿ ಇಲ್ಲದಿದ್ದರೂ ನನಗೆ ಯುಟಿಸಿಯೇ ಸರಿ ಅನಿಸಿತು. ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ (ಒಳ ಸೆಟ್ಟಿಂಗ್‌ಗಳ ಪಟ್ಟಿ) ರಿಯಲ್‌ಟೈಮ್‌ಈಸ್‌ಯುನಿವರ್ಸಲ್ ಎಂಬುದನ್ನು 1 ಮಾಡಿದೆ, ಅಂದರೆ ವಿಂಡೋಸ್ ಕೂಡ ಆರ್‌ಟಿಸಿಯನ್ನು ಯುಟಿಸಿ ಎಂದೇ ಓದಬೇಕು.

ಸಂಜೆ ಇಂಟರ್ನೆಟ್ ಬಂದಿತ್ತು. ಅದು ಬಂದರೆ ಎನ್‌ಟಿಪಿ (ನೆಟ್‌ನಿಂದ ಸರಿ ಸಮಯ ತರುವ ವ್ಯವಸ್ಥೆ) ತಾನೇ ತಿದ್ದಿ ತಪ್ಪನ್ನು ಮುಚ್ಚಿಬಿಡುತ್ತದೆ, ಅದಕ್ಕೇ ಕೇಬಲ್ ಕಿತ್ತು ರೀಬೂಟ್ ಮಾಡಿದೆ. ಲಿನಕ್ಸ್‌ನಲ್ಲಿ ಲೋಕಲ್ ಟೈಮ್ 18:10, ಆರ್‌ಟಿಸಿ ಟೈಮ್ 12:40. ವಿಂಡೋಸ್‌ನಲ್ಲಿ 18:14.